ಹಾಲು ಮುಚ್ಚುತ್ತಿದ್ದ ತಟ್ಟೆ

ಹೋದ ತಿಂಗಳು ಅಡಿಗೆಮನೆಗೆ ಹೊಸ ಕಪಾಟು ಕೂರಿಸುವವರು ಬಂದಾಗ ಅಟ್ಟದ ಮೇಲಿನ ಪಾತ್ರೆಯ ಮೂಟೆ ಇಳಿಸಬೇಕಾಯಿತು. ಅಮ್ಮ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಮೂಟೆ ಅದು, ಬಿಚ್ಚಿಯೇ ಇರಲಿಲ್ಲ. ಗಂಟು ಬಿಚ್ಚಿದೊಡನೆ ಹಳೆಯ ಸ್ಟೀಲಿನ ವಾಸನೆ... ಹುಣಸೆಹಣ್ಣು, ಬೂದಿ, ಎಂದೋ ಒಡೆದುಹೋದ ಹಾಲು. ಅಂಗೈಗಿಂತ ತುಸು ದೊಡ್ಡದಾದ ಒಂದು ತಟ್ಟೆ ಜಾರಿ, ನೆಲದ ಮೇಲೆ ಗಿರ್ರನೆ ತಿರುಗಿ, ಮಲಗಿತು. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದು ಹೆಣ್ಣು ಹೆಸರು. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ.

ಆ ತಟ್ಟೆ ನಮ್ಮದಲ್ಲ. ಸತ್ಯನಾರಾಯಣಪೇಟೆಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕನದು. ಬಟ್ಟೆ ಹೊಲಿಯುತ್ತಿದ್ದಳು, ಅದಕ್ಕೇ ಓಣಿಯೆಲ್ಲ ಅವಳನ್ನು ಮಿಷಿನಕ್ಕ ಎನ್ನುತ್ತಿತ್ತು. ನಾನು ಬರೀ ಅಕ್ಕ ಎನ್ನುತ್ತಿದ್ದೆ. ಅದನ್ನು ತಿರುಗಿ ಕೊಡಲು ನನಗೆ ಎರಡು ಸಲ ಅವಕಾಶ ಸಿಕ್ಕಿತ್ತು. ಎರಡೂ ಸಲ ಕೊಡಲಿಲ್ಲ.

ಅಕ್ಕ ಸಿರುಗುಪ್ಪದ ಕಡೆಯವಳು. ಗದ್ದೆ, ಕಾಲುವೆ ನೋಡಿ ಬೆಳೆದವಳಿಗೆ ಬಳ್ಳಾರಿಯ ಬಿಸಿಲು ಕೊನೆಯವರೆಗೂ ಒಗ್ಗಲಿಲ್ಲ. ಗಂಡ ಕುರುಗೋಡಿನವರು, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಸಂಜೆ ಮನೆಗೆ ಬರುವಾಗ ತಲೆ, ಹುಬ್ಬು, ಮೀಸೆಯೆಲ್ಲ ಹತ್ತಿಯ ಎಳೆ ಕೂತು ಬೆಳ್ಳಗಾಗಿರುತ್ತಿದ್ದರು. ಅಕ್ಕ ಬ್ರಷ್ ಹಿಡಿದು ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ನಿಂದರ್ರಿ ಅಲ್ಲೇ. ಮುದುಕರನ್ನ ಒಳಗ ಬಿಡಂಗಿಲ್ಲ, ನಮ್ಮನಿಯವ್ರು ಬೈತಾರ." ಅವರು ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿ ಕಲಹ ಕೇಳಿದ ನೆನಪೇ ನನಗಿಲ್ಲ. ಮಕ್ಕಳಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು.

ನನ್ನ ಕಾನ್ವೆಂಟ್ ಯೂನಿಫಾರ್ಮ್ ಎಲ್ಲ ಅವಳೇ ಹೊಲಿದದ್ದು. ನಮ್ಮ ಸಿಸ್ಟರುಗಳು ಮೊಣಕಾಲಿನ ಹತ್ತಿರ ಸ್ಕೇಲ್ ಹಿಡಿದು ಫ್ರಾಕಿನ ಉದ್ದ ಅಳೆಯುತ್ತಾರೆಂದು ಹೇಳಿದರೆ, "ಅಳೀಲಿ ಬಿಡವಾ, ನಾನೂ ಅಳದೇ ಹೊಲದೀನಿ" ಎನ್ನುವಳು. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ, ಎಪ್ಪತ್ತರ ದಶಕದ ನಡುವೆ ಇರಬೇಕು, ಅವಳಿಗೆ ಊರಾಚೆಯ ಸರ್ಕಾರಿ ಮಕ್ಕಳ ಮನೆಯ ಬಟ್ಟೆ ಹೊಲಿಯುವ ಕೆಲಸ ಸಿಕ್ಕಿತು. ಹೆತ್ತವರಿಲ್ಲದ, ಇದ್ದೂ ಬಿಟ್ಟುಹೋದ ಮಕ್ಕಳು. ಅಳತೆ ಬರೆದುಕೊಳ್ಳಲು ನನ್ನನ್ನು ಕರೆದೊಯ್ದಳು. "ಇಂಗ್ಲಿಷಿನ್ಯಾಗ ಬರದ್ರ ಅವರು ಅಳತಿ ತಪ್ಪೈತಿ ಅನ್ನಂಗಿಲ್ಲ" ಎಂದು ನಗಾಡಿದ್ದಳು.

ಸಾಲಿನಲ್ಲಿ ನಿಂತ ಮಕ್ಕಳ ನಡುವೆ ಎರಡು ವರ್ಷದ ಒಂದು ಹೆಣ್ಣು ಕೂಸು. ತಲೆ ಬೋಳಿಸಿದ್ದರು. ಅಕ್ಕ ಎದೆಯ ಸುತ್ತ ಟೇಪು ಹಾಕಿದಳು, ಇಪ್ಪತ್ತು ಎಂದಳು, ನಾನು ಬರೆದೆ. ಅಷ್ಟರಲ್ಲಿ ಆ ಕೂಸು ಟೇಪಿನ ತುದಿಯನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ಬಿಡಿಸಲು ಹೋದರೆ ಅಳಲಿಲ್ಲ, ಬಿಡಲೂ ಇಲ್ಲ. ಸುಮ್ಮನೆ ಅಕ್ಕನ ಮುಖ ನೋಡುತ್ತ ಅಗಿಯುತ್ತಿತ್ತು. ಇನ್ನೂ ನಾಲ್ಕು ಮಕ್ಕಳ ಅಳತೆ ಬಾಕಿ ಇತ್ತು. ಅಕ್ಕ ಅವರನ್ನು ಕಣ್ಣಳತೆಯಲ್ಲೇ ಹೇಳಿ ಬರೆಸಿದಳು.

ಅಲ್ಲಿಯ ಆಯಾ ನಕ್ಕಳು. "ಹಂಗ ಹಿಡದೈತಂದ್ರ ಮನಿಗೇ ಕರ್ಕೊಂಡ್ ಹೋಗಬೇಕು ನೋಡ್ರಿ ಅಕ್ಕ."

ಅಕ್ಕ ನಗಲಿಲ್ಲ. "ಕೊಡ್ತಾರೇನು?" ಎಂದು ಕೇಳಿದಳು.

ಕೊಡುತ್ತಾರೆ, ಆದರೆ ಅರ್ಜಿ ಹಾಕಬೇಕು. ಅರ್ಜಿ ಗಂಡನ ಹೆಸರಿನಲ್ಲಿ, ಹೆಂಡತಿಯದು ಒಪ್ಪಿಗೆ ಮಾತ್ರ. ಇಂಗ್ಲಿಷಿನಲ್ಲಿ ಟೈಪಾದ ಆ ಫಾರ್ಮನ್ನು ನಾನೇ ತುಂಬಿದೆ, ನಮ್ಮ ಪಡಸಾಲೆಯಲ್ಲಿ ಕೂತು. ಮಗು ಏಕೆ ಬೇಕು ಎಂಬ ಕಾಲಮ್ಮಿಗೆ ನನ್ನ ಕಾನ್ವೆಂಟಿನ ಇಂಗ್ಲಿಷನ್ನೆಲ್ಲ ಸುರಿದೆ. ಮೆಟರ್ನಲ್ ಅಫೆಕ್ಷನ್, ಕಂಫರ್ಟಬಲ್ ಹೋಮ್, ರೆಸ್ಪೆಕ್ಟಬಲ್ ನೇಬರ್‌ಹುಡ್... ಏನು ಬರೆದಿ ಎಂದು ಅಕ್ಕ ಕೇಳಿದಾಗ ಕನ್ನಡದಲ್ಲಿ ಹೇಳಿದೆ. "ಅಷ್ಟೆಲ್ಲಾ ಬ್ಯಾಡವಾ. ಟೇಪು ಬಿಡಲಿಲ್ಲ ಅಂತ ಬರಿ, ಸಾಕು" ಎಂದಳು.

"ಹಂಗ ಬರಿಯಾಕ ಬರಂಗಿಲ್ಲ ಅಕ್ಕ. ಗವರ್ನಮೆಂಟ್ ಫಾರ್ಮ್ ಇದು" ಎಂದೆ. ರೆಸ್ಪೆಕ್ಟಬಲ್ ನೇಬರ್‌ಹುಡ್ ಎಂಬುದನ್ನು ಹಾಗೇ ಬಿಟ್ಟೆ. ಇಂದು ಆ ಎರಡು ಶಬ್ದ ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ.

ಕುರುಗೋಡಿನಿಂದ ಅವಳ ಅತ್ತೆ ಬಂದು ಮೂರು ದಿನ ಕೂತು ಹೋದರು. ಮೈದುನನ ಮಗನನ್ನು ತಗೊಳ್ಳಿ ಎಂದರು. ಹೊರಟಾಗ ಓಣಿಗೆ ಕೇಳುವಂತೆ, "ಯಾರು ಹಡದದ್ದೋ ಏನೋ, ಅದಕ್ಕ ಲಿಂಗ ಕಟ್ಟೋ ಸ್ವಾಮಿ ಯಾರ್ ಸಿಗ್ತಾನ ನೋಡೂಣು" ಎಂದರು. ಫಿಟ್ಟರ್ ಮಾಮ ಬಸ್‌ ಸ್ಟ್ಯಾಂಡಿನವರೆಗೆ ತಾಯಿಯ ಗಂಟು ಹೊತ್ತುಕೊಂಡು ಹೋಗಿ, ಬಸ್ಸು ಹತ್ತಿಸಿ, ತಿರುಗಿ ಬಂದು ಅರ್ಜಿಗೆ ಸೈ ಮಾಡಿದರು. ಜೀವಮಾನದಲ್ಲಿ ಅವರು ತಾಯಿಯ ಮಾತು ಮೀರಿದ್ದು ಅದೊಂದೇ ಇರಬೇಕು.

ಅರ್ಜಿ ಹೋಯಿತು. ಮರುವಾರವೇ ಅಕ್ಕ ಬಜಾರಿಗೆ ಹೋಗಿ ಆ ಸಣ್ಣ ತಟ್ಟೆ ತಂದಳು. ನಮ್ಮಲ್ಲಿ ಆಗ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಸಣ್ಣ ಉಳಿ ಹಿಡಿದು ಟಕಟಕನೆ ಹೆಸರು ಕೊರೆದು ಕೊಡುತ್ತಿದ್ದರು. ಇದಕ್ಕೆ ಅವಳು ತನ್ನ ತಾಯಿಯ ಹೆಸರು ಕೊರೆಸಿದ್ದಳು. "ಕೂಸಿಗೆ ಇದ ಹೆಸರು. ಯಾರಿಗೂ ಹೇಳಬ್ಯಾಡ ಮತ್ತ" ಎಂದಳು. ನಾನು ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಮನೆ ನೋಡಲು ಸರ್ಕಾರದ ಲೇಡಿ ಆಫೀಸರ್ ಬರುತ್ತಾರೆಂದು ಕಾಗದ ಬಂತು. ಓಣಿಯೆಲ್ಲ ಎದ್ದು ನಿಂತಿತು. ನಮ್ಮ ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಎಲ್ಲರ ಮನೆಯ ಪಾತ್ರೆ, ಕುರ್ಚಿ, ಜಮಖಾನೆ ಆ ಮನೆಗೆ ಹೋಗುವ ರೂಢಿ. ಇಸಿದುಕೊಂಡದ್ದೆಂದು ಬಂದವರಿಗೆ ಗೊತ್ತಾಗುತ್ತಿತ್ತು, ಅವರ ಓಣಿಯಲ್ಲೂ ಅದೇ ನಡೆಯುತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಈಗಲೂ ಅದನ್ನೇ ಮಾಡಿದರು. ನಮ್ಮ ಮನೆಯಿಂದ ಟೇಬಲ್ ಫ್ಯಾನು, ಆರು ತಟ್ಟೆ. ಪಕ್ಕದ ಶೆಟ್ಟರ ಮನೆಯಿಂದ ಲೋಟ, ತಂಬಿಗೆ, ಎರಡು ಮಡಚುವ ಕುರ್ಚಿ. ಅದರಾಚೆಯ ತೆಲುಗು ಅತ್ತೆಯ ಮನೆಯಿಂದ ದೊಡ್ಡ ಬೋಗುಣಿ, ಬಟ್ಟಲು, ಗೋಡೆಗೆ ಹಾಕುವ ಕನ್ನಡಿ. ಅಕ್ಕ ಬೇಡವೆಂದಳು. ಅಮ್ಮ ಕೇಳಲಿಲ್ಲ. "ನಿನ್ನ ಮರ್ಯಾದಿ ಅಂದ್ರ ಓಣಿ ಮರ್ಯಾದಿ. ಸುಮ್ನ ಇಟ್ಕೋ." ಅಮ್ಮನ ಹಣೆಯ ವಿಭೂತಿ ಅಂದು ಎಷ್ಟು ಬೆಳ್ಳಗೆ ಕಂಡಿತ್ತು...

ಆಫೀಸರಮ್ಮ ಮೈಸೂರು ಕಡೆಯವರು. ಕೈಮಗ್ಗದ ಸೀರೆ, ಕಪ್ಪು ಕೊಡೆ, ಬೆವರಿಗೆ ಕನ್ನಡಕ ಜಾರುತ್ತಿತ್ತು. ಇಂಗ್ಲಿಷ್ ಬರುತ್ತದೆಂದು ನಾನು ಅಕ್ಕನ ಪಕ್ಕದಲ್ಲಿ ನಿಂತಿದ್ದೆ. ಅಮ್ಮ, ಶೆಟ್ಟರ ಹೆಂಡತಿ, ತೆಲುಗು ಅತ್ತೆ ಬಾಗಿಲಲ್ಲಿ. ಉಪ್ಪಿಟ್ಟು ಕೊಟ್ಟರು, ಒಗ್ಗರಣೆ ಮಂಡಕ್ಕಿ ಕೊಟ್ಟರು, ಮೆಣಸಿನಕಾಯಿ ಬಜ್ಜಿ ಕೊಟ್ಟರು. ಆಕೆ ಉಪ್ಪಿಟ್ಟು ತಿನ್ನುತ್ತ ತಿನ್ನುತ್ತ ತಟ್ಟೆಯ ಅಂಚು ನೋಡಿದರು. ಅದರ ಮೇಲೆ ನಮ್ಮಜ್ಜಿಯ ಹೆಸರು, ಕೆಳಗೆ 'ಸವಿನೆನಪಿಗಾಗಿ' ಎಂದಿತ್ತು. ನಮ್ಮಜ್ಜಿಯ ತಿಥಿಗೆ ಹಂಚಿದ ತಟ್ಟೆ.

"ಇವರು ಯಾರಮ್ಮ?" ಎಂದರು.

ಅಕ್ಕ ಉತ್ತರ ಕೊಡುವ ಮುಂಚೆ ಅವರು ನೀರಿನ ಲೋಟ ತಿರುಗಿಸಿ ಓದಿದರು. ಶೆಟ್ಟರ ಹೆಸರು. ಬಟ್ಟಲು ತಿರುಗಿಸಿದರು. ಅಡಿಗೆಮನೆಗೆ ಎದ್ದುಹೋಗಿ ಸಾಲಾಗಿ ಇಟ್ಟಿದ್ದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಹಾಜರಿ ಕರೆಯುವಂತೆ ಹೆಸರು ಓದಿದರು. ಬಾಗಿಲಲ್ಲಿದ್ದವರು ತಲೆ ತಗ್ಗಿಸಿದರು. ಕೊನೆಗೆ ಆ ಸಣ್ಣ ತಟ್ಟೆ.

"ಇದು?"

"ಆಕೀದು" ಎಂದಳು ಅಕ್ಕ. "ಇದೊಂದ ನಮ್ಮನಿದು ಮೇಡಮ್ಮಾರ."

ಆಫೀಸರಮ್ಮ ಸಿಟ್ಟಾಗಲಿಲ್ಲ. ತಟ್ಟೆಯನ್ನು ಮೆಲ್ಲಗೆ ಇಟ್ಟು ಬಂದು ಕೂತರು. "ನೋಡಿಮ್ಮಾ, ನಮಗೆ ಪಾತ್ರೆ ಬೇಕಾಗಿಲ್ಲ. ನಿಮ್ಮ ಮನೆ ಚೊಕ್ಕಟವಾಗಿದೆ, ಯಜಮಾನರಿಗೆ ಕೆಲಸ ಇದೆ, ನಿಮಗೂ ಕೈಕಸುಬಿದೆ, ಸಾಕು. ಆದರೆ ನೆರೆಯವರು ಇಬ್ಬರು ಸಹಿ ಮಾಡಬೇಕು. ನೀವು ಒಳ್ಳೆಯವರು, ಈ ಮನೆಗೆ ಮಗು ಬಂದರೆ ನಮ್ಮ ತಕರಾರಿಲ್ಲ ಅಂತ. ಇಷ್ಟು ಜನರ ಹೆಸರು ನಿಮ್ಮ ಅಡಿಗೆಮನೇಲಿ ಇದೆಯಲ್ಲ... ಇದರಲ್ಲಿ ಇಬ್ಬರ ಹೆಸರು ಈ ಕಾಗದದ ಮೇಲೆ ಬಂದರೆ ಆಯ್ತು."

ಬಾಗಿಲು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಅಷ್ಟು ಬೇಗ ಮೂವರು ಹೆಂಗಸರು ಹೇಗೆ ಕರಗಿದರೋ.

ಆಫೀಸರಮ್ಮನ ಕನ್ನಡಕ ನನ್ನ ಕಡೆ ತಿರುಗಿತು. "ನಿಮಗೆಷ್ಟು ವಯಸ್ಸು?"

ಇಪ್ಪತ್ತೆರಡು ಎಂದೆ.

"ಹಾಗಾದರೆ ನೀವೂ ಮಾಡಬಹುದು."

ಅಕ್ಕ ನನ್ನನ್ನು ನೋಡಿದಳು. ಅವಳಿಗೆ ಅನುಮಾನವೇ ಇರಲಿಲ್ಲ. ಆ ಕೂಸು ಟೇಪು ಅಗಿದದ್ದನ್ನು ಕಣ್ಣಾರೆ ಕಂಡವಳು ಓಣಿಯಲ್ಲಿ ಅವಳನ್ನು ಬಿಟ್ಟರೆ ನಾನೊಬ್ಬಳೇ. ಆಚೆಯಿಂದ ಅಮ್ಮ ನನ್ನ ಹೆಸರು ಕೂಗಿದಳು, ಒಂದೇ ಸಲ. ಮುಂದಿನ ತಿಂಗಳು ನನ್ನನ್ನು ನೋಡಲು ಹೊಸಪೇಟೆಯವರು ಬರುವವರಿದ್ದರು. ನಾನು ಆ ಸರ್ಕಾರಿ ಹೆಂಗಸಿಗೆ ಚಂದದ ಉಚ್ಚಾರದಲ್ಲಿ ಹೇಳಿದೆ: "ಐ ವಿಲ್ ಆಸ್ಕ್ ಮೈ ಫಾದರ್, ಮ್ಯಾಡಮ್."

ಕಾನ್ವೆಂಟಿನಲ್ಲಿ ನನಗೆ ಎರಡು ವರ್ಷ ಮಾರಲ್ ಸೈನ್ಸ್‌ನಲ್ಲಿ ಫಸ್ಟ್ ಪ್ರೈಜ್ ಬಂದಿತ್ತು.

ಹದಿನೈದು ದಿನದೊಳಗೆ ಸಹಿ ಹಾಕಿಸಿ ಆಫೀಸಿಗೆ ತಲುಪಿಸಿ ಎಂದು ಕಾಗದ ಕೊಟ್ಟು ಆಫೀಸರಮ್ಮ ಹೋದರು. ಅವರ ಕೊಡೆ ಓಣಿಯ ತಿರುವು ದಾಟಿತೋ ಇಲ್ಲವೋ, ಪಾತ್ರೆ ಹೊತ್ತುಕೊಳ್ಳಲು ಬುಟ್ಟಿ ಹಿಡಿದು ಬಂದರು. ಅಕ್ಕನಿಗೆ ತೊಳೆಯಲೂ ಬಿಡಲಿಲ್ಲ. ಉಪ್ಪಿಟ್ಟು ಮೆತ್ತಿದ ತಟ್ಟೆಗಳನ್ನು ಹಾಗೇ ಒಯ್ದರು. ಆ ಗಡಿಬಿಡಿಯಲ್ಲಿ ಸಣ್ಣ ತಟ್ಟೆ ನಮ್ಮ ಬುಟ್ಟಿಗೆ ಬಿತ್ತು.

ಮೊದಲ ಸಹಿ ಮರುದಿನವೇ ಸಿಕ್ಕಿತು. ಓಣಿಯ ಕೊನೆಗೆ ಗಡಿಯಾರ ರಿಪೇರಿ ಮಾಡುವ ಸಾಬರ ಮನೆ. ಅವರ ಮನೆಯಿಂದ ಒಂದು ಚಮಚವೂ ಅಕ್ಕನ ಮನೆಗೆ ಬಂದಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ, ಕೇಳುವ ರೂಢಿಯೂ ನಮ್ಮವರಲ್ಲಿ ಇರಲಿಲ್ಲ. ಕಾಗದ ಹಿಡಿದು ಹೋಗುವಾಗ ಅಕ್ಕ ನನ್ನನ್ನು ಜೊತೆಗೆ ಕರೆದಳು. ಸಾಬರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆ ಕಾಗದ ನೋಡಿದರು.

"ಏನಂತ ಬರದೈತಿ ಬೇಟಿ?"

ಹೇಳಿದೆ.

"ಇಷ್ಟಽನಾ? ನಾನು ಜಾಮೀನು ಅಂದ್ಕೊಂಡಿದ್ದೆ." ಪೆನ್ನಿಗಾಗಿ ತಡಕಾಡಿದರು. "ನನಗ ಉರ್ದುದಾಗ ಬಿಟ್ರ ಬರಂಗಿಲ್ಲ ನೋಡವಾ. ಸರ್ಕಾರದವ್ರು ಉಲ್ಟಾ ಐತಿ ಅಂತ ತಿರುಗಿ ಕಳಿಸಿದ್ರ ಮತ್ತ ನನಗ ಬೈಬ್ಯಾಡ." ಬಲದಿಂದ ಎಡಕ್ಕೆ ಬರೆದು, ಊದಿ ಒಣಗಿಸಿ ಕೊಟ್ಟರು.

ಇನ್ನೊಂದು ಸಹಿ. ಒಂದೇ ಒಂದು.

ಶೆಟ್ಟರು, ನಾವು ವ್ಯಾಪಾರಸ್ಥರು, ಸರ್ಕಾರದ ಕಾಗದಕ್ಕೆ ಕೈ ಹಾಕುವುದಿಲ್ಲ ಎಂದರು. ದಿನಕ್ಕೆ ಹತ್ತು ಕಡೆ ಸಹಿ ಹಾಕುವ ಕೈ ಅದು. ತೆಲುಗು ಅತ್ತೆ, "ಮನಕೆಂದುಕಮ್ಮಾ ಈ ಗೊಡವ" ಎಂದು, ನಮಗ್ಯಾಕಮ್ಮ ಈ ಉಸಾಬರಿ ಎಂದು ಮತ್ತೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಆಮೇಲೆ ದನಿ ಇಳಿಸಿ, "ನಾಳೆ ಅದು ನಳದ ಹತ್ರ ಬರತೈತಿ, ನಮ್ಮ ಮಕ್ಕಳ ಜೋಡಿ ಕುಂತು ಉಣತೈತಿ. ಯಾವ ಜಾತಿ ಅಂತ ಕೇಳಿದ್ರ ನೀ ಏನ್ ಹೇಳ್ತಿ?" ಅಕ್ಕ, "ಫ್ರಾಕಿನ ಅಳತಿ ಹೇಳ್ತೀನಿ. ನನಗ ಅಷ್ಟ ಗೊತ್ತಿರೋದು" ಎಂದು ಎದ್ದು ಬಂದಳಂತೆ.

ನಮ್ಮ ಮನೆಗೆ ಮೂರು ಸಲ ಬಂದಳು. ಮೊದಲ ಸಲ ಅಪ್ಪ ಸಿಕ್ಕರು. ಅಪ್ಪ ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್, ಕಾಗದವನ್ನು ಎರಡು ಸಲ ಓದಿ, ಡ್ರಾಫ್ಟ್ ಚೆನ್ನಾಗಿದೆ ಎಂದು ತಿರುಗಿ ಕೊಟ್ಟರು. ಎರಡನೆಯ ಸಲ ಅಮ್ಮ. "ಫ್ಯಾನು ಬೇಕಾದ್ರ ಇಡೀ ಬ್ಯಾಸಗಿ ಇಟ್ಕೋ. ಸೈ ಮಾತ್ರ ಕೇಳಬ್ಯಾಡ. ನನ್ನ ಮಗಳದು ಲಗ್ನ ಆಗೋದೈತಿ." ಮೂರನೆಯ ಸಲ ಅಕ್ಕ ನೇರವಾಗಿ ನನ್ನನ್ನೇ ಕೇಳಿಕೊಂಡು ಬಂದಳು. ಹದಿನಾಲ್ಕನೆಯ ದಿನ. ನಾನು ಬಚ್ಚಲಮನೆಯಲ್ಲಿದ್ದೆ. ಸ್ನಾನ ಆಗಲೇ ಮುಗಿದಿತ್ತು. ಹೊರಗೆ ಅವಳ ದನಿ ಕೇಳಿದೊಡನೆ ಹಂಡೆಯಿಂದ ನೀರು ತೋಡಿ ತೋಡಿ ನೆಲಕ್ಕೆ ಸುರಿಯತೊಡಗಿದೆ. ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ, ಬೇಸಗೆಯಲ್ಲಿ, ಒಂದು ಹಂಡೆ ನೀರನ್ನು ನೆಲಕ್ಕೆ ಸುರಿದೆ.

"ಜಳಕ ಮಾಡಾಕತ್ತಾಳ" ಎಂದಳು ಅಮ್ಮ.

"ಆಗಲಿ, ಕುಂದರ್ತೀನಿ" ಎಂದಳು ಅಕ್ಕ.

ಎಷ್ಟು ಹೊತ್ತು ಕೂತಿದ್ದಳೋ. ಹಂಡೆ ಬರಿದಾಯಿತು. ಖಾಲಿ ತಂಬಿಗೆ ಹಿಡಿದು ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ನೀರಿನ ಸದ್ದು ನಿಂತದ್ದು ಅವಳಿಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಅವಳ ಚಪ್ಪಲಿಯ ಸದ್ದು ಅಂಗಳ ದಾಟಿತು.

ಹೊಸಪೇಟೆಯವರು ಬಂದರು. ಅದೇ ತಟ್ಟೆಗಳಲ್ಲಿ ಉಪ್ಪಿಟ್ಟು ತಿಂದರು. ಹುಡುಗಿ ಬಣ್ಣ ಕಡಿಮೆ ಎಂದು ಹೇಳಿ ಕಳಿಸಿದರು.

ಅಕ್ಕನ ಅರ್ಜಿ ಅಪೂರ್ಣವೆಂದು ಮೂಲೆಗೆ ಬಿತ್ತು. ಅವಳು ಯಾರೊಡನೆಯೂ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನಳದ ಹತ್ತಿರ ಎಂದಿನಂತೆ ನಿಲ್ಲುತ್ತಿದ್ದಳು, ಅಮ್ಮನ ಜಂಪರು ಹೊಲಿದಳು. ಮಕ್ಕಳ ಮನೆಗೂ ಹೋಗುತ್ತಿದ್ದಳು. ಮುಂದಿನ ಬಟ್ಟೆಯ ಹೊತ್ತಿಗೆ ಅಳತೆಯ ಪಟ್ಟಿಯಲ್ಲಿ ಒಂದು ಕೂಸು ಕಡಿಮೆ ಇತ್ತಂತೆ. ದೂರದ ಯಾವುದೋ ಊರಿನ ಮಕ್ಕಳ ಮನೆಗೆ ಕಳಿಸಿದ್ದರು. ಎಲ್ಲಿಗೆಂದು ಆಯಾಗೂ ಗೊತ್ತಿರಲಿಲ್ಲ.

ಆ ಸಣ್ಣ ತಟ್ಟೆಯನ್ನು ನಾನು ಪಾತ್ರೆ ಬಂದ ಎರಡನೆಯ ದಿನವೇ ಕಂಡಿದ್ದೆ. ಅಮ್ಮ ಅದನ್ನು ಹಾಲಿನ ಪಾತ್ರೆಗೆ ಮುಚ್ಚಿದ್ದಳು. ಸರಿಯಾಗಿ ಕೂರುತ್ತಿತ್ತು. ಇದು ಅಕ್ಕನದು ಎಂದೆ. "ಕೊಟ್ರಾತು ಬಿಡು. ಈಗ ಆಕಿ ಮುಂದ ಹಿಡಕೊಂಡು ಹೋಗಿ ಯಾಕ ಅಳಸ್ತಿ?" ಎಂದಳು ಅಮ್ಮ. ಎಷ್ಟು ಅಂತಃಕರಣದ ಮಾತು. ನಾನೂ ಅದನ್ನೇ ನಂಬಿಕೊಂಡೆ. ಯಾವ ಕೂಸು ನಮ್ಮ ಮಕ್ಕಳ ಜೊತೆ ಕೂತು ಉಣ್ಣಬಾರದೆಂದು ಓಣಿ ಹಟ ಹಿಡಿಯಿತೋ, ಅದರ ತಟ್ಟೆಯಡಿಯ ಹಾಲನ್ನು ನಾವು ವರ್ಷಗಟ್ಟಲೆ ಕುಡಿದೆವು. ದೇವರ ನೈವೇದ್ಯಕ್ಕೂ ಅದೇ ಹಾಲು.

ಅದಾದ ಮರುವರ್ಷ ಅಕ್ಕ, ಮಾಮ ಸಿರುಗುಪ್ಪಕ್ಕೆ ಹೋದರು. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಮಾಮನಿಗೆ ಕೆಲಸ ಸಿಕ್ಕಿತೆಂದು ಕೇಳಿದೆ. ಸಾಮಾನು ಕಟ್ಟಿದ ದಿನ ಅಕ್ಕ ಏನೋ ಹುಡುಕುತ್ತಿದ್ದುದನ್ನು ನಮ್ಮ ಕಿಟಕಿಯಿಂದ ಕಂಡೆ. ಕಪಾಟಿನ ಹಿಂದೆ, ಮಿಷಿನ್ನಿನ ಅಡಿಯಲ್ಲಿ, ಬಟ್ಟೆಯ ಗಂಟಿನಲ್ಲಿ. ನನ್ನ ಬೆನ್ನ ಹಿಂದೆ ಅಡಿಗೆಮನೆಯಲ್ಲಿ ಹಾಲಿನ ಪಾತ್ರೆ ಇತ್ತು. ಹತ್ತು ಹೆಜ್ಜೆ. ಅದು ಮೊದಲ ಸಲ.

ಎರಡನೆಯದು ಎಂಬತ್ತರ ದಶಕದಲ್ಲಿ, ನನ್ನ ಮದುವೆಯಾಗಿ ಮಗಳು ನಾಲ್ಕು ವರ್ಷದವಳಾಗಿದ್ದಾಗ. ಗಂಡನ ಕಡೆಯ ಸೀಮಂತಕ್ಕೆ ಸಿರುಗುಪ್ಪಕ್ಕೆ ಹೋಗಿದ್ದೆವು. ಬಸ್‌ ಸ್ಟ್ಯಾಂಡಿನಲ್ಲಿ ಯಾರೋ ಭುಜ ಮುಟ್ಟಿದರು, ತಿರುಗಿದರೆ ಅಕ್ಕ. ಕೂದಲು ಅರ್ಧ ಬೆಳ್ಳಗಾಗಿತ್ತು. ಬ್ರಷ್ ಹಿಡಿದು ಬಿಡಿಸಬಹುದಾದ ಬಿಳುಪಲ್ಲ.

"ನಿನ್ ಮಗಳೇನು?" ಎಂದು ಬಗ್ಗಿ, ಕಣ್ಣಲ್ಲೇ ಅಳೆದಳು. "ಎದಿ ಇಪ್ಪತ್ತೆರಡು, ಉದ್ದ ಇಪ್ಪತ್ತು. ಒಂದು ಫ್ರಾಕ್ ಕಳಸ್ತೀನಿ." ಕುಶಲ ಕೇಳಿದಳು. ಅಮ್ಮ ಹೇಗಿದ್ದಾಳೆ, ಸಾಬರು ಹೇಗಿದ್ದಾರೆ... ಬಸ್ಸಿನವನು ಕೂಗತೊಡಗಿದ ಮೇಲೆ ಕೇಳಿದಳು, ಕೇಳಲೋ ಬೇಡವೋ ಎನ್ನುವಂತೆ.

"ನಂದೊಂದು ಸಣ್ಣ ತಟ್ಟಿ ಇತ್ತಲ್ಲವಾ... ಅವತ್ತು ಎಲ್ಲರ ಸಾಮಾನಿನ್ಯಾಗ ಎಲ್ಲೋ ಹೋತು. ನಿಮ್ಮನ್ಯಾಗೇನರ ಉಳದೈತೇನು?"

ಪಕ್ಕದಲ್ಲಿ ನನ್ನ ಅತ್ತೆ, ಗಂಡ. ಹೌದೆಂದರೆ ಕಥೆ ಹೇಳಬೇಕಾಗುತ್ತಿತ್ತು. ಹಾಲಿನ ಪಾತ್ರೆ, ಬಚ್ಚಲಮನೆ, ಎಲ್ಲ.

"ಇಲ್ಲ ಅಕ್ಕ" ಎಂದೆ. "ನಮ್ಮನ್ಯಾಗಿಲ್ಲ."

"ಹೋಗ್ಲಿ ಬಿಡು" ಎಂದಳು. "ಯಾರರ ಉಣ್ತಿದ್ರ ಸಾಕು."

ತಿಂಗಳೊಳಗೆ ಫ್ರಾಕು ಬಂತು. ಬಾಕ್ಸ್ ಪ್ಲೀಟಿನದು, ಮುಂದೆ ಬೆಳೆಯಲೆಂದು ಒಳಗೆ ಮೂರು ಬೆರಳು ಬಟ್ಟೆ ಬಿಟ್ಟಿದ್ದಳು. ಮಗಳಿಗೆ ತೊಡಿಸಿದೆ, ಎರಡು ಸಲ ಅಂಚು ಬಿಚ್ಚಿ ಉದ್ದ ಮಾಡಿ ತೊಡಿಸಿದೆ. ನನ್ನಂಥವಳಿಂದ ಅದೊಂದನ್ನೂ ತಿರುಗಿ ಕಳಿಸಲಾಗಲಿಲ್ಲ. ಆಮೇಲೆ ಕೆಲವು ವರ್ಷಕ್ಕೆ ಅಕ್ಕ ಹೋದಳೆಂಬ ಸುದ್ದಿ, ಅದೂ ಬೇರೆ ಯಾರದೋ ಮಾತಿನ ನಡುವೆ, ಬಂತು.

ಮೂಟೆಯ ಪಾತ್ರೆಗಳನ್ನು ಮೊನ್ನೆ ಬಜಾರಿಗೆ ಹಾಕಲು ಒಯ್ದೆ. ಅಂಗಡಿಯವರು ಒಂದೊಂದೇ ತಟ್ಟೆ ತಕ್ಕಡಿಗೆ ಇಡುತ್ತ ಅಜ್ಜಿಯ ಹೆಸರು, ಅಪ್ಪನ ಹೆಸರು ಎಲ್ಲ ಸುಮ್ಮನೆ ದಾಟಿಸಿದರು. ಸಣ್ಣದು ಕೈಗೆ ಬಂದಾಗ, "ಇದು ಚಲೋ ಐತ್ರಿ ಅಮ್ಮಾರ, ಗಟ್ಟಿ ಸಾಮಾನು. ಮೊಮ್ಮಗಳದೇನು? ಬ್ಯಾರೆ ಹೆಸರು ಬೇಕಂದ್ರ ಪಾಲಿಶ್ ಹಾಕಿ ಇದನ್ನ ಅಳಸಿ ಕೊಡ್ತೀವಿ" ಎಂದರು.

ಬೇಡ ಎಂದೆ. ಆ ಹೆಸರಿನ ಕೆಳಗೆ ಇನ್ನೊಂದು ಹೆಸರಿಗೆ ಆಗುವಷ್ಟು ಜಾಗವಿತ್ತು. ಕೊರೆಯುವ ಮಿಷಿನ್ನೂ ಅಲ್ಲೇ ಮೇಜಿನ ಮೇಲಿತ್ತು. ಬಾಯಿಯವರೆಗೆ ಮಾತು ಬಂತು, ಕೆಳಗೆ ನನ್ನ ಹೆಸರು ಹಾಕಿ ಕೊಡ್ರಿ ಎಂದು... ಆಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಾಗದವಿಲ್ಲ, ಕೂಸಿಲ್ಲ, ಕೇಳಿದವಳಿಲ್ಲ. ಈಗ ಯಾರೂ ಕೇಳದಿರುವಾಗ ಸಹಿ.

ತಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ತೊಳೆದು ಕಿಟಕಿಯ ಹತ್ತಿರ ಇಟ್ಟಿದ್ದೇನೆ. ನಿನ್ನೆ ಅಡಿಗೆಯವಳು ಹಾಲು ಕಾಸಿ, ಕೈಗೆ ಸಿಕ್ಕಿತೆಂದು ಅದನ್ನೇ ಎತ್ತಿ ಮುಚ್ಚಿದ್ದಳು. ಇವತ್ತಿಗೂ ಸರಿಯಾಗಿ ಕೂರುತ್ತದೆ. ನಾನು ಎದ್ದುಹೋಗಿ ತೆಗೆದಿಟ್ಟೆ.